ನಾನು ದಾಟಿಸದೆ ಬಿಟ್ಟ ಮಾತು

ಮಿರಜದ ಆ ದವಾಖಾನೆಯಲ್ಲಿ ಕಾಯುವವರಿಗೆ ಎರಡು ಬೆಂಚುಗಳಿದ್ದವು. ಗೋಡೆಯ ಕಡೆಯದು ಹೆಂಗಸರದು, ಕಿಟಕಿಯ ಕಡೆಯದು ಗಂಡಸರದು. ಮನಸ್ಸಿನ ಡಾಕ್ಟರು ಮಂಗಳವಾರ ಮಾತ್ರ ಬರುತ್ತಿದ್ದರು. ಹೆಂಗಸರ ಬೆಂಚು ಬೆಳಿಗ್ಗೆ ಒಂಬತ್ತಕ್ಕೇ ತುಂಬುತ್ತಿತ್ತು. ಅಥಣಿ, ಜಮಖಂಡಿ ಕಡೆಯಿಂದ ರೈಲು, ಬಸ್ಸು ಹಿಡಿದು ಬಂದವರು. ಒಬ್ಬ ರೋಗಿಗೆ ಮೂವರು ನೆಂಟರು, ಮೂವರಿಗೂ ಒಂದು ರೊಟ್ಟಿಯ ಗಂಟು. ಗಂಡಸರ ಬೆಂಚಿನಲ್ಲಿ ಒಬ್ಬರೋ ಇಬ್ಬರೋ ಕೂತಿರುತ್ತಿದ್ದರು, ಅವರೂ ಹೆಂಡತಿಯನ್ನು ಕರೆತಂದವರು. ಈ ಬೇನೆ ಹೆಂಗಸರದೇ ಅಂತ ನೋಡಿದವರು ಅಂದುಕೊಳ್ಳಬೇಕು. ನಾನು ನರ್ಸ್, ನನಗೆ ಗೊತ್ತಿರಬೇಕಿತ್ತು. ಗಂಡಸರಿಗೂ ಬರುತ್ತದೆ, ಅವರು ಬೆಂಚಿನ ತನಕ ಬರುವುದಿಲ್ಲ, ಅಷ್ಟೇ.

ಹೇಳಬೇಕಾದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಸೈನ್ಯದ ಆಸ್ಪತ್ರೆಯಲ್ಲಿ ನರ್ಸಿಂಗ್ ಅಧಿಕಾರಿಯಾಗಿದ್ದಾಗ, ಇಪ್ಪತ್ತೆಂಟನೆಯ ವಯಸ್ಸಿನಲ್ಲಿ, ನಾನು ಸಾಯಲು ಪ್ರಯತ್ನಿಸಿದೆ. ಹೇಗೆ ಅಂತ ಬರೆಯುವುದಿಲ್ಲ, ಅದರಿಂದ ಯಾರಿಗೂ ಉಪಯೋಗವಿಲ್ಲ. ಆಯಾ ಒಬ್ಬಳು ಚಹಾ ತಂದು ಬಾಗಿಲು ಬಡಿದಳು, ಬದುಕಿಕೊಂಡೆ. ಈಗ ನನಗೆ ವಯಸ್ಸಾಗಿದೆ, ತಲೆಗೂದಲು ಹತ್ತಿಯಾಗಿದೆ. ರಾತ್ರಿ ಒಂದು ಗುಳಿಗೆ ತಗೊಳ್ಳುತ್ತೇನೆ, ಬೆಳಿಗ್ಗೆ ಎದ್ದು ಎಲ್ಲರನ್ನೂ ಗದರುತ್ತೇನೆ. ಬದುಕು ಒಟ್ಟಿನಲ್ಲಿ ಚೆನ್ನಾಗಿಯೇ ಇದೆ. ಆದರೂ ಇದನ್ನು ಬರೆಯುತ್ತಿರುವುದು ನನಗಾಗಿ ಮಾತ್ರವಲ್ಲ, ಸಲಗರೆ ಎಂಬ ಊರಿನ ಪರಸು ಎಂಬ ಸಿಪಾಯಿಗಾಗಿ ಕೂಡ.

ನಮ್ಮದು ಸಾಂಗಲಿಯ ಅರಿಶಿಣ ಪೇಟೆಯ ಮನೆ. ಒಳಗೆ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ. ಅಪ್ಪನದು ಅಡತಿ, ಅಂದರೆ ದಲ್ಲಾಳಿ, ವ್ಯಾಪಾರ. ಅವ್ವ ನಾನು ಸಣ್ಣವಳಿದ್ದಾಗಲೇ ತೀರಿಕೊಂಡಳು, ನನ್ನನ್ನು ಸಾಕಿದ್ದು ಅವಳ ತಂಗಿ, ನಮ್ಮ ಮಾವಶಿ. ಲಿಂಗಾಯತ ವ್ಯಾಪಾರಸ್ಥರ ಹುಡುಗಿ ಕಂಡವರ ಹೊಲಸು ಬಳಿಯುವ ಕೆಲಸಕ್ಕೆ ಹೋಗುತ್ತೇನೆ ಅಂದಾಗ ಮಾವಶಿ ಎರಡು ದಿನ ಊಟ ಬಿಟ್ಟಳು. ಮೂರನೆಯ ದಿನ ಅಪ್ಪ, "ಹೋಗ್ಲಿ ಬಿಡು, ಬ್ಯಾನಿ ಬಂದಾವರಿಗೆ ಯಾರಾರ ಬೇಕಲ್ಲ" ಅಂದ. ಮಿರಜದಲ್ಲಿ ಕಲಿತೆ, ಸೈನ್ಯಕ್ಕೆ ಅರ್ಜಿ ಹಾಕಿದೆ, ಭುಜದ ಮೇಲೆ ನಕ್ಷತ್ರ ಬಂತು. ಆಗ ಅದೇ ಮಾವಶಿ ಪೇಟೆಯಲ್ಲೆಲ್ಲ, "ನಮ್ಮ ನಂದಾ ಆಫೀಸರ್ ಆಗ್ಯಾಳ" ಅಂತ ಸಾರಿಕೊಂಡು ಬಂದಳು. ಗೆದ್ದ ಎತ್ತಿನ ಬಾಲ ಹಿಡಿಯುವುದರಲ್ಲಿ ನಮ್ಮ ಮಾವಶಿಯನ್ನು ಮೀರಿಸುವವರಿಲ್ಲ.

ಆಮೇಲೆ ಯುದ್ಧ ಬಂತು. ಯುದ್ಧ ಬೇಗ ಮುಗಿಯಿತು, ನಮ್ಮ ವಾರ್ಡು ಮಾತ್ರ ಒಂದೂವರೆ ವರ್ಷ ತುಂಬಿಯೇ ಇತ್ತು. ಕೈ ಇಲ್ಲದವರ, ಕಣ್ಣಿಗೆ ಪಟ್ಟಿ ಕಟ್ಟಿದವರ ಪತ್ರಗಳನ್ನು ನಾನು ಬರೆದುಕೊಡುತ್ತಿದ್ದೆ. ಹಿಂದಿ, ಮರಾಠಿ, ಕನ್ನಡ, ಯಾವ ಭಾಷೆಯಾದರೂ ಮೊದಲ ಸಾಲು ಒಂದೇ. ನಾನು ಇಲ್ಲಿ ಕ್ಷೇಮ, ನೀವೂ ಕ್ಷೇಮವೆಂದು ನಂಬಿದ್ದೇನೆ. ಎರಡೂ ಕಾಲು ಹೋಗಿದ್ದ ಬಾಗಲಕೋಟೆ ಕಡೆಯ ಹುಡುಗನೊಬ್ಬ ಒಂದು ಮಧ್ಯಾಹ್ನ ಅಷ್ಟು ಬರೆಸಿ, "ಸದ್ಯ ಇಷ್ಟ ಕಳಸ್ರಿ ಸಿಸ್ಟರ, ಉಳದಿದ್ದು ನಾಳೆ ಬರಿಯೂಣು" ಅಂದ. ಮರುದಿನ ಅವನಿರಲಿಲ್ಲ. ಪತ್ರ ಅಂಚೆಗೆ ಹೋಗಿಯಾಗಿತ್ತು. ಮಗ ತೀರಿಕೊಂಡ ತಂತಿ ಮೊದಲು ಮುಟ್ಟಿ, ಮಗ ಕ್ಷೇಮ ಎಂಬ ನನ್ನ ಅಕ್ಷರ ಆಮೇಲೆ ಮುಟ್ಟಿತು. ಆ ತಾಯಿ ಅದನ್ನು ಯಾರಿಂದ ಓದಿಸಿಕೊಂಡಳೋ ಎಂದು ನಾನು ದಿನವೂ ಯೋಚಿಸುತ್ತಿದ್ದೆ. ನನ್ನ ಕೈ ನಡುಗಲು ಶುರುವಾಯಿತು. ಇಂಜೆಕ್ಷನ್ ಕೊಡುವಾಗ ನಡುಗುತ್ತಿರಲಿಲ್ಲ, ಪೆನ್ನು ಹಿಡಿದಾಗ ಮಾತ್ರ ನಡುಗುತ್ತಿತ್ತು.

ನಾನು ಬದುಕಿಕೊಂಡ ಮೇಲೆ ಅಲ್ಲಿಯ ಮೂವರು ದೊಡ್ಡವರು ಬೇರೆ ಬೇರೆಯಾಗಿ ಬಂದು ವಿಚಾರಿಸಿದರು. ಮೂವರದೂ ಒಂದೇ ಪ್ರಶ್ನೆ: ಯಾರು ಆ ಗಂಡಸು? ಯಾರೂ ಇಲ್ಲ ಅಂದೆ. ಹಾಗಾದರೆ ಮದುವೆ ಮುರಿಯಿತೆ? ಇಲ್ಲ ಅಂದೆ. ವಾರ್ಡಿನ ವಿಷಯ ಎತ್ತಿದರೆ, "ಅದು ಕೆಲಸ, ಅದನ್ನು ಬಿಡಿ" ಅಂದರು. ಕೊನೆಗೆ ಕಾಗದದಲ್ಲಿ ಭಾವುಕ ಸ್ವಭಾವ ಅಂತ ಬರೆದು ರಜೆಯ ಮೇಲೆ ಮನೆಗೆ ಕಳಿಸಿದರು. ಒಂದೂವರೆ ವರ್ಷ ಒಂದು ಹನಿ ಕಣ್ಣೀರು ಹಾಕದೆ ದುಡಿದವಳಿಗೆ ಆ ಮಾತು ಓದಿ ಮೈ ಉರಿಯಿತು. ಆದರೆ ಸಿಟ್ಟು ಮಾಡುವಷ್ಟು ತ್ರಾಣವೂ ಆಗ ನನ್ನಲ್ಲಿರಲಿಲ್ಲ.

ಮಾವಶಿ ಪೇಟೆಗೆ ಹೇಳಿದ್ದು ಕಾಮಣಿ, ಅಂದರೆ ಕಾಮಾಲೆ, ಅಂತ. ಕಾಮಣಿಯಾದವಳಿಗೆ ಕಬ್ಬಿನ ಹಾಲು ಒಳ್ಳೆಯದಲ್ಲವೆ. ಅಡತಿ ಅಂಗಡಿಗಳಿಂದ ತಂಬಿಗೆ ತಂಬಿಗೆ ಕಬ್ಬಿನ ಹಾಲು ಬರತೊಡಗಿತು. ಇಲ್ಲದ ರೋಗಕ್ಕೆ ಊರೆಲ್ಲ ಔಷಧ ಕೊಟ್ಟಿತು, ಇದ್ದ ರೋಗದ ಹೆಸರನ್ನು ಮನೆಯಲ್ಲಿ ಯಾರೂ ಎತ್ತಲಿಲ್ಲ. ಆ ರೋಗ ನನ್ನನ್ನು ಕಾಡುತ್ತಿದ್ದದ್ದು ಹಾಡುಹಗಲೇ. ಮನೆಯ ಹಿಂದೆ ನಮ್ಮ ಗೋದಾಮು. ಮಧ್ಯಾಹ್ನ ಹಮಾಲರು ಊಟಕ್ಕೆ ಹೋದಾಗ ಬಾಗಿಲಲ್ಲಿ ನಿಂತರೆ, ಸಾಲಾಗಿ ಮಲಗಿಸಿದ ಅರಿಶಿಣದ ಚೀಲಗಳು ಹೊದಿಕೆ ಹೊದ್ದ ಹಾಸಿಗೆಗಳಂತೆ ಕಾಣುತ್ತಿದ್ದವು. ಉಳಿದದ್ದು ನಾಳೆ ಬರೆಯೋಣ ಎಂಬ ದನಿ ಮೂರನೆಯ ಸಾಲಿನಿಂದ ಕೇಳುತ್ತಿತ್ತು. ಸರಿಯಾಗಿ ಮೂರನೆಯ ಸಾಲು. ನಾನು ಓಡುತ್ತಿರಲಿಲ್ಲ, ನಿಂತು ಕಾಯುತ್ತಿದ್ದೆ, ಅದೇ ನನಗೆ ಹೆಚ್ಚು ಭಯ ಹುಟ್ಟಿಸುತ್ತಿತ್ತು.

ನಾನು ಹಾಗೆ ನಿಂತದ್ದನ್ನು ಅಪ್ಪ ಒಂದು ದಿನ ನೋಡಿದ. ಮರು ಮಂಗಳವಾರ ಮಾವಶಿಯನ್ನೂ ನನ್ನನ್ನೂ ಕರೆದುಕೊಂಡು ಮಿರಜದ ಬಸ್ಸು ಹತ್ತಿದ. ನಮ್ಮ ಪೇಟೆಯಲ್ಲಿ ಅರಿಶಿಣದ ಹರಾಜು ನಡೆಯುವಾಗ ಕೊಳ್ಳುವವನೂ ಮಾರುವವನೂ ರುಮಾಲಿನ ಕೆಳಗೆ ಕೈಗೆ ಕೈ ಕೊಟ್ಟು, ಬೆರಳು ಒತ್ತಿ ದರ ಹೇಳುತ್ತಾರೆ, ಸುತ್ತ ನಿಂತವರಿಗೆ ಏನೂ ತಿಳಿಯುವುದಿಲ್ಲ. ಬಸ್ಸಿನಲ್ಲಿ ಅಪ್ಪ ನಮ್ಮಿಬ್ಬರ ಕೈ ಮೇಲೆ ರುಮಾಲು ಹಾಸಿದ. ಅದರ ಕೆಳಗೆ ನನ್ನ ಬೆರಳುಗಳನ್ನು ಹಿಡಿದು ಒಮ್ಮೆ ಒತ್ತಿದ. ನಾನೂ ಒತ್ತಿದೆ. ಮಿರಜ ಬರುವ ತನಕ ಕೈ ಬಿಡಲಿಲ್ಲ. ಆ ಕಾಯಿಲೆಯಲ್ಲಿ ನನಗೆ ಸಿಕ್ಕ ಮೊದಲ ಔಷಧ ಅದೇ ಅಂತ ನಾನು ಈಗಲೂ ಹೇಳುತ್ತೇನೆ.

ದವಾಖಾನೆಯ ಒಳಗೆ ಮಾತ್ರ ಅಪ್ಪ ಬರುತ್ತಿರಲಿಲ್ಲ. ಸಿತಾರು ಮಾಡುವವರ ಓಣಿಯಲ್ಲಿ ಪರಿಚಯದವರ ಅಂಗಡಿಯಲ್ಲಿ ಕೂರುತ್ತಿದ್ದ. ಒಳಗೆ ಮಾವಶಿಯ ರಾಜ್ಯ. ಡಾಕ್ಟರು ಮರಾಠಿಯಲ್ಲಿ ನನ್ನನ್ನು ಕೇಳುವರು, ಮಾವಶಿ ಮರಾಠಿಯಲ್ಲೇ ಉತ್ತರಿಸುವಳು. ನಿದ್ದೆ ಬರುತ್ತದೆಯೆ? "ಬರ್ತದರೀ." ಊಟ? "ಎರಡ ಹೊತ್ತು ಮಾಡ್ತಾಳ್ರೀ." ಮನಸ್ಸಿನಲ್ಲಿ ಏನಾದರೂ? "ಏನಿಲ್ರೀ, ಮದವಿ ಒಂದ ಆದ್ರ ಎಲ್ಲಾ ಸರಿ ಆಗ್ತದ." ಡಾಕ್ಟರು ಮಧ್ಯವಯಸ್ಸಿನ ಮರಾಠಿ ಮನುಷ್ಯ, ಕೆಟ್ಟವರಲ್ಲ. ಮಾವಶಿಯ ಮಾತಿನ ಪ್ರವಾಹಕ್ಕೆ ಅಡ್ಡ ಕೈ ಹಾಕುವ ಧೈರ್ಯ ಅವರಿಗೂ ಇರಲಿಲ್ಲ. ನಾನು ಮೂರು ವಾರ ಬಾಯಿ ತೆರೆಯದೆ ಗುಳಿಗೆ ತಗೊಂಡು ಬಂದೆ.

ಪರಸು ಬಂದದ್ದು ನಾಲ್ಕನೆಯ ವಾರ. ಗಂಡಸರ ಬೆಂಚಿನಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತಿದ್ದ, ಕೂದಲು ಗಿಡ್ಡ, ಕೆನ್ನೆಗಳು ಒಳಗೆ ಹೋಗಿದ್ದವು. ಪಕ್ಕದಲ್ಲಿ ಅವನ ಅಪ್ಪ ಬಾಳಪ್ಪ, ಸಲಗರೆಯವರು, ಪರರ ತೋಟದಲ್ಲಿ ಕೂಲಿ ಮಾಡುವ ಹಿರಿಯರು. ಅರ್ಧ ತಾಸಿನಲ್ಲಿ ಮಾವಶಿ ಅವರ ಕುಲಗೋತ್ರವನ್ನೆಲ್ಲ ಕೇಳಿ ತಿಳಿದು, ನಮ್ಮದನ್ನೂ ಒಪ್ಪಿಸಿದಳು. ಹುಡುಗ ಪಲ್ಟನ್ನಿನಲ್ಲಿದ್ದಾನೆ, ಹಿಮದ ಗಡಿಯಲ್ಲಿ ಏನೋ ಅಪಘಾತವಾಯಿತು ಅಂತ ರಜೆ ಕೊಟ್ಟಿದ್ದಾರೆ, ಮನೆಗೆ ಬಂದ ಮೇಲೆ ಉಣ್ಣುವುದಿಲ್ಲ, ಮಲಗುವುದಿಲ್ಲ. ಕಾಮಣಿಯ ಕತೆಯನ್ನು ಅಲ್ಲಿಯೂ ಹೇಳುವಳೇನೋ ಅಂತ ನಾನು ಕಾದೆ. ಆದರೆ ಪಲ್ಟನ್ ಎಂಬ ಶಬ್ದ ಕೇಳಿದ್ದೇ ಮಾವಶಿಗೆ ತಡೆಯಲಾಗಲಿಲ್ಲ.

"ನಮ್ಮ ಹುಡುಗೀನೂ ಮಿಲಿಟರಿ ಆಫೀಸರ್ ಅದಾಳ" ಅಂದಳು.

ಪರಸು ಎದ್ದು ನಿಂತು, ಹಿಮ್ಮಡಿ ಕೂಡಿಸಿ ನನಗೆ ಸೆಲ್ಯೂಟ್ ಹೊಡೆದ. ಬೆಂಚಿನ ಮೇಲಿದ್ದವರೆಲ್ಲ ತಿರುಗಿ ನೋಡಿದರು. ನಾನು ನೂಲಿನ ಸೀರೆಯಲ್ಲಿ, ಎಣ್ಣೆ ಕಾಣದ ತಲೆಯಲ್ಲಿ ಕೂತಿದ್ದೆ.

"ಕುಂದ್ರಪಾ" ಅಂದೆ. "ಇಲ್ಲಿ ಎಲ್ಲಾರೂ ಸಿಪಾಯಿನ."

ಮುಂದಿನ ವಾರ ಮಾವಶಿಯೂ ಬಾಳಪ್ಪ ಕಾಕಾನೂ ಚಹಾಕ್ಕೆ ಹೋದಾಗ ಅವನು ತಾನಾಗಿ ಮಾತು ತೆಗೆದ. ಗಂಡಸರ ಬೆಂಚಿನ ತುದಿಗೆ ಅವನು, ಹೆಂಗಸರ ಬೆಂಚಿನ ತುದಿಗೆ ನಾನು, ನಡುವೆ ಒಂದು ಉಗುಳುದಾನಿ.

"ಅಕ್ಕಾರ, ನಿಮ್ಮನ್ನ ಅಲ್ಲಿ ಏನಂತ ಕೇಳಿದ್ರು?"

ಅವನಿಗೆ ಹೇಗೆ ತಿಳಿಯಿತು ಅಂತ ನಾನು ಕೇಳಲಿಲ್ಲ. ಒಂದೇ ದಾರಿಯಲ್ಲಿ ಹೋಗಿ ಬಂದವರಿಗೆ ಕಾಲಿನ ಧೂಳು ನೋಡಿದರೇ ಗುರುತು ಸಿಗುತ್ತದೆ.

"ಯಾವ ಹುಡುಗ ಕೈ ಕೊಟ್ಟಾ ಅಂತ ಕೇಳಿದ್ರು" ಅಂದೆ.

"ನನ್ನ, ಯಾವ ಸಾಹೇಬ ಬೈದಾ ಅಂತ ಕೇಳಿದ್ರು. ಡ್ಯೂಟಿ ಭಾಳ ಆತೇನು, ರಜಾ ಸಿಗಲಿಲ್ಲೇನು, ಯಾರ ಜೋಡಿ ಜಗಳಾ ಆತು. ಯಾರೂ ಬೈದಿಲ್ರೀ. ನಮ್ಮ ಸಾಹೇಬ ದೇವರಂಥಾ ಮನಶ್ಯಾ."

"ನನಗೂ ಯಾವನೂ ಕೈ ಕೊಟ್ಟಿಲ್ಲ. ಡ್ಯೂಟಿನ ಭಾಳ ಆಗಿತ್ತು."

ಅವನು, "ಹಂಗಾರ ನಮ್ಮಿಬ್ಬರ ಕಾಗದ ಅದಲಾಬದಲಿ ಆಗಿರಬೇಕ್ರೀ" ಅಂದ.

ನಾನು ನಕ್ಕೆ. ಎಷ್ಟು ತಿಂಗಳಾದ ಮೇಲೋ ಮೊದಲ ಸಲ. ಅವನೂ ನಕ್ಕ, ಒಂದು ಕಡೆಯ ತುಟಿಯಲ್ಲಿ. ಆಮೇಲೆ ಯಾರೂ ತನ್ನನ್ನು ಕೇಳದೇ ಬಿಟ್ಟದ್ದನ್ನು ಹೇಳಿದ. ಅವನ ಹೆಂಡತಿ ಲಕ್ಷ್ಮಿ ಹೆರಿಗೆಯಲ್ಲಿ ತೀರಿಕೊಂಡಳು, ಕೂಸೂ ಉಳಿಯಲಿಲ್ಲ. ಹಿಮ ಬಿದ್ದು ದಾರಿ ಕಟ್ಟಿತ್ತು, ತಂತಿ ಮೇಲಿನ ಚೌಕಿಗೆ ಮುಟ್ಟುವಾಗ ಊರಲ್ಲಿ ತಿಥಿಯ ಊಟವೂ ಮುಗಿದಿತ್ತು. ಅದರ ಮರುದಿನವೇ ಅವಳು ಬರೆಸಿದ್ದ ಹಳೆಯ ಪತ್ರ ಬಂತು. ನಾನು ಇಲ್ಲಿ ಕ್ಷೇಮ ಅಂತ. ಆ ಪತ್ರ ಬರೆದವಳು ನಾನಲ್ಲ, ಆದರೂ ನಾನೇ ಅನ್ನಿಸಿತು.

ಹೆಂಗಸಿಗೆ ಮನೆಯದೇ ದುಃಖ, ಗಂಡಸಿಗೆ ಕೆಲಸದ್ದೇ ಕಷ್ಟ ಅಂತ ಯಾರೋ ಎಂದೋ ತೀರ್ಮಾನ ಮಾಡಿಟ್ಟಿದ್ದಾರೆ. ಅದರಲ್ಲಿ ನಾವಿಬ್ಬರೂ ಸಿಕ್ಕಿಕೊಂಡೆವು. ಇನ್ನೊಂದನ್ನೂ ನಾನು ಆಸ್ಪತ್ರೆಯಲ್ಲಿ ಕಂಡಿದ್ದೆ. ನಮ್ಮ ಕ್ವಾರ್ಟರ್ಸಿನ ಹುಡುಗಿಯರು ಹೀಗೆ ಮಾಡಿಕೊಂಡರೆ ವಾರ್ಡಿಗೆ ಬರುತ್ತಿದ್ದರು, ಬದುಕುತ್ತಿದ್ದರು, ಆಮೇಲೆ ನಾಟಕ ಅಂತ ಅನ್ನಿಸಿಕೊಳ್ಳುತ್ತಿದ್ದರು. ಬ್ಯಾರಕ್ಕಿನ ಗಂಡಸರು ಬಹಳ ಸಲ ವಾರ್ಡಿನ ತನಕವೂ ಬರುತ್ತಿರಲಿಲ್ಲ, ಮತ್ತು ಅವರ ಕಾಗದದಲ್ಲಿ ಅಪಘಾತ ಅಂತ ಇರುತ್ತಿತ್ತು. ಪರಸು ಬದುಕಿ ಬೆಂಚಿನ ತನಕ ಬಂದಿದ್ದ. ಅದು ಎಷ್ಟು ದೊಡ್ಡದು ಎಂದು ನನಗೆ ಅಂದು ಗೊತ್ತಿತ್ತು, ಅದೇ ನನ್ನನ್ನು ಇವತ್ತಿಗೂ ಚುಚ್ಚುತ್ತದೆ.

ಅವನ ರಜೆ ಮುಗಿಯಲು ಹತ್ತು ದಿನವಿತ್ತು. ಆ ಮಂಗಳವಾರ ಅವನ ಸರದಿ ನನಗಿಂತ ಒಂದು ಮೊದಲು. ಒಳಗಿನಿಂದ ಹಿಂದಿಯ ಪ್ರಶ್ನೆ ಕೇಳಿಸಿತು, ಹಿಂದೆಯೇ "ಠೀಕ್ ಹೂಂ ಸಾಬ್" ಎಂಬ ಉತ್ತರ. ಮರಾಠಿಯಲ್ಲಿ ಕೇಳಿದರೂ ಅದೇ "ಠೀಕ್ ಹೂಂ ಸಾಬ್". ಪರಸು ಊರಿನ ಕನ್ನಡ ಶಾಲೆಯಲ್ಲಿ ಓದಿದವನು, ಮರಾಠಿ ಪೂರ್ತಿ ತಿಳಿಯುತ್ತಿತ್ತು, ಆಡಲು ನಾಲಿಗೆ ಹೊರಳುತ್ತಿರಲಿಲ್ಲ. ಹಿಂದಿ ಅವನಿಗೆ ಅಪ್ಪಣೆಯ ಭಾಷೆ, ಅದರಲ್ಲಿ ಅವನಿಗೆ ಒಪ್ಪಿಕೊಳ್ಳಲು ಮಾತ್ರ ಬರುತ್ತಿತ್ತು. ಡಾಕ್ಟರು ಅದನ್ನು ಗುರುತಿಸಿರಬೇಕು. ಬಾಗಿಲು ತೆರೆದು, "ಸಿಸ್ಟರ್, ಜರಾ ಇಕಡೆ ಯಾ" ಎಂದು ನನ್ನನ್ನು ಕರೆದರು.

ಮಿರಜದಲ್ಲಿ ಇದು ಹೊಸದಲ್ಲ. ಕನ್ನಡದ ರೋಗಿ, ಮರಾಠಿಯ ಡಾಕ್ಟರು, ನಡುವೆ ಎರಡೂ ಬಲ್ಲವರೊಬ್ಬರು. ನಾನು ಕಲಿಯುತ್ತಿದ್ದಾಗ ದಿನಕ್ಕೆ ಹತ್ತು ಜನರ ಮಾತು ದಾಟಿಸುತ್ತಿದ್ದೆ. ಆ ಕೆಲಸಕ್ಕೆ ಯಾರೂ ಬರೆದಿಡದ ಒಂದು ರೀತಿ ಇದೆ. ಹಿರಿಯರು ಎದುರಿಗಿದ್ದರೆ ಮೊದಲು ಹಿರಿಯರ ಮಾತು ಹೋಗಬೇಕು, ಮನೆಯ ಮರ್ಯಾದೆ ಕಳೆಯುವ ಮಾತು ಬಂದರೆ ಅದರ ಮುಳ್ಳು ಮುರಿದು ದಾಟಿಸಬೇಕು. ಸೊಸೆ, "ಅತ್ತಿ ಊಟಕ್ಕ ಹಾಕೂದಿಲ್ಲ" ಅಂದರೆ ನಾವು ಡಾಕ್ಟರಿಗೆ, ಊಟ ಸೇರುವುದಿಲ್ಲವಂತೆ ಅನ್ನುತ್ತಿದ್ದೆವು. ಹಾಗೆ ಹೇಳಿದವಳನ್ನು ಶಾಣ್ಯಾ ಹುಡುಗಿ ಅಂತ ಹೊಗಳುತ್ತಿದ್ದರು. ನನ್ನನ್ನು ಬಹಳ ಜನ ಹೊಗಳಿದ್ದಾರೆ.

ಡಾಕ್ಟರು ಮರಾಠಿಯಲ್ಲಿ ಹೇಳಿದರು: ಇವನ ರಜೆ ಮುಂದುವರಿಸುವಂತೆ ನಾನು ಕಾಗದ ಬರೆದುಕೊಡಬಲ್ಲೆ, ಆದರೆ ಒಳಗೆ ಏನಿದೆ ಎಂದು ಇವನೇ ಹೇಳಬೇಕು, ಕೇಳಿ. ನಾನು ಕನ್ನಡಕ್ಕೆ ತಿರುಗಿಸುವ ಮೊದಲೇ ಬಾಳಪ್ಪ ಕಾಕಾ ಬೇಡವೆಂದು ತಲೆಯಾಡಿಸಿದರು. ಅದನ್ನು ಕಂಡೆ, ಆದರೆ ಅದರ ಅರ್ಥ ನನಗೆ ಆಗ ಹೊಳೆಯಲಿಲ್ಲ. ಅವರು ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡಿದ್ದರು.

"ತಂಗಿ, ಹುಡುಗ ಆರಾಮ ಅದಾನ ಅಂತ ಹೇಳು" ಅಂದರು. "ತಲಿ ಕೆಟ್ಟೈತಿ ಅಂತ ಕಾಗದದಾಗ ಬಿತ್ತಂದ್ರ ಪಲ್ಟನ್ ಬಿಡಸ್ತಾರ. ಹೇಣತಿ ಹೋದ್ಲು, ಕೂಸು ಹೋತು. ಅದೂ ಹೋದ್ರ ಅವಗ ಏನ ಉಳೀತದ?"

ಪರಸು ನೆಲ ನೋಡುತ್ತಿದ್ದ. ನಾನು ಅವನನ್ನು ಕಂಡ ದಿನದಿಂದ ಮೊದಲ ಸಲ ಅವನ ಬೆನ್ನು ಬಾಗಿತ್ತು.

"ಅಕ್ಕಾರ" ಅಂದ, ಮೆಲ್ಲಗೆ. "ನನ್ನ ಕಳಸಬ್ಯಾಡ್ರಿ ಅಂತ ಹೇಳ್ರಿ. ಅಲ್ಲಿ ಹೋದ್ರ ನಾ ಮತ್ತ ಹಂಗ ಮಾಡ್ಕೋತೇನಿ. ನನಗ ನನ್ನ ಮ್ಯಾಲೆ ಭರೋಸಾ ಇಲ್ಲ."

ಡಾಕ್ಟರು ನನ್ನನ್ನು ನೋಡಿದರು. ಏನಂತಾನೆ?

ನಾನು ಹೇಳಿದೆ: ಮನೆಯ ದುಃಖವಿದೆ, ನಿದ್ದೆ ಕಡಿಮೆ. ಡ್ಯೂಟಿಗೆ ಹೋಗಲು ತಯಾರಿದ್ದಾನೆ.

ಬಾಳಪ್ಪ ಕಾಕಾನ ಮುಖ ನೋಡಿ ಹಾಗೆ ಹೇಳಿದೆ ಅಂತ ಬಹಳ ವರ್ಷ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಹಿರಿಯರ ಮಾತು, ಮನೆಯ ಮರ್ಯಾದೆ, ನನ್ನ ಹಳೆಯ ರೂಢಿ, ಎಲ್ಲವೂ ಇದ್ದದ್ದು ನಿಜ. ಆದರೆ ಪೂರ್ತಿ ನಿಜ ಬೇರೆ. ಅವನು ಹೇಳಿದ್ದು ನನ್ನದೇ ಮಾತಾಗಿತ್ತು. ನನಗೂ ನನ್ನ ಮೇಲೆ ಭರವಸೆ ಇರಲಿಲ್ಲ, ನನ್ನ ರಜೆಯೂ ಎರಡು ತಿಂಗಳಲ್ಲಿ ಮುಗಿಯುವುದಿತ್ತು, ನನ್ನ ಸರದಿ ಅವನ ಹಿಂದೆಯೇ ಇತ್ತು. ಆ ಮಾತನ್ನು ಒಮ್ಮೆ ಬಾಯಿಯಿಂದ ಹೊರಗೆ ಹಾಕಿದರೆ ಅದು ಅವನದಾಗಿ ನಿಲ್ಲುವುದಿಲ್ಲ ಎಂದು ಹೆದರಿದೆ. ನನ್ನನ್ನು ಕಾಯಲು ಅವನನ್ನು ಬಿಟ್ಟುಕೊಟ್ಟೆ.

ಪರಸು ತಲೆ ಎತ್ತಿ ನನ್ನನ್ನು ಒಮ್ಮೆ ನೋಡಿದ. ಅವನಿಗೆ ಮರಾಠಿ ತಿಳಿಯುತ್ತಿತ್ತು. ಆಮೇಲೆ ಎದ್ದು ನಿಂತು, ಬೆನ್ನು ನೆಟ್ಟಗೆ ಮಾಡಿ, "ಠೀಕ್ ಹೂಂ ಸಾಬ್" ಅಂದ. ನನ್ನ ಸರದಿ ಬಂದಾಗ ಮಾವಶಿ ಎಂದಿನಂತೆ ಉತ್ತರ ಕೊಟ್ಟಳು, ನಾನು ಗುಳಿಗೆ ತಗೊಂಡು ಬಂದೆ.

ಮುಂದಿನ ಮಂಗಳವಾರ ಹೊರಡುವಾಗ ಅವನು ಜಂಕ್ಷನ್ನಿಗೆ ಹೋಗುವ ದಾರಿಯಲ್ಲಿ ದವಾಖಾನೆಗೆ ಬಂದ. ತಗಡಿನ ಟ್ರಂಕು, ಇಸ್ತ್ರಿ ಮಾಡಿದ ಸಮವಸ್ತ್ರ. ಬೆಂಚಿನ ಹತ್ತಿರ ನಿಂತು ಸೆಲ್ಯೂಟ್ ಮಾಡಿ, "ಹೋಗ್ತೇನ್ರಿ ಅಕ್ಕಾರ" ಅಂದ. ನಮ್ಮಲ್ಲಿ ಯಾರೂ ಹಾಗೆ ಅನ್ನುವುದಿಲ್ಲ, ಹೋಗಿ ಬರುತ್ತೇನೆ ಅನ್ನುತ್ತಾರೆ. ಸಣ್ಣ ಮಕ್ಕಳು ಹೋಗ್ತೇನಿ ಅಂದರೂ ಹಿಡಿದು ನಿಲ್ಲಿಸಿ, ಬರ್ತೇನಿ ಅಂತ ಅನ್ನಿಸುತ್ತೇವೆ. ನಾನು ಅವನಿಂದ ಅನ್ನಿಸಲಿಲ್ಲ, ಗೋಣು ಆಡಿಸಿದೆ.

ಒಂದೂವರೆ ತಿಂಗಳಾದ ಮೇಲೆ ಒಂದು ಸೋಮವಾರ ಬಾಳಪ್ಪ ಕಾಕಾ ಸಾಂಗಲಿಯ ನಮ್ಮ ಮನೆಗೆ ಬಂದರು. ಕಬ್ಬು ಇಳಿಸಿ ಬಂದ ಕಾರ್ಖಾನೆಯ ಟ್ರಕ್ಕಿನಲ್ಲಿ ಕೂತು ಬಂದಿದ್ದರು, ಬಟ್ಟೆಗೆಲ್ಲ ಧೂಳು. ನಾನು ಬಾಗಿಲಲ್ಲಿ ಅವರನ್ನು ನೋಡಿದ ಕೂಡಲೇ ತಿಳಿಯಿತು.

"ಒಳಗ ಬರ್ರಿ ಕಾಕಾ, ಕುಂದ್ರಿ" ಅಂದೆ.

ಅವರು ಅಂಗಿಯ ಒಳಜೇಬಿನಿಂದ ಒಂದು ಕಾಗದ ತೆಗೆದರು. "ಸೊಸಾಯಟಿ ಸೆಕ್ರೆಟರಿ ಓದ್ಯಾನ. ನೀನೂ ಒಮ್ಮಿ ಓದು ತಂಗಿ" ಅಂದರು.

ಇಂಗ್ಲಿಷಿನ ನಾಲ್ಕು ಸಾಲು. ಕರ್ತವ್ಯದಲ್ಲಿದ್ದಾಗ ಅಪಘಾತ. ನಾನು ಒಂದೂ ಶಬ್ದ ಬಿಡದೆ ಕನ್ನಡದಲ್ಲಿ ಹೇಳಿದೆ. ಹೇಳಿ ಮುಗಿಸಿ ಕಾಗದ ಮಡಚಿ ಅವರ ಕೈಗೆ ಕೊಟ್ಟೆ. ಇನ್ನೊಂದನ್ನೂ ಹೇಳಬೇಕು, ಅವತ್ತು ದವಾಖಾನೆಯಲ್ಲಿ ನಾನು ನಿಮ್ಮ ಮಗನ ಮಾತನ್ನು ಡಾಕ್ಟರಿಗೆ ಹೇಳಲಿಲ್ಲ ಅಂತ. ಈ ಮುದುಕರಿಗೆ ಅದು ತಿಳಿಯದು, ತಿಳಿಯದೆಯೇ ಇರಲಿ ಅಂತಲೂ ಅನ್ನಿಸಿತು. ಆದರೂ ಬಾಯಿ ತೆರೆದೆ.

"ಕಾಕಾ, ಅವತ್ತ ಪರಸು ಅಂದಿದ್ದು ನಾ ಡಾಕ್ಟರಗ..."

"ನನಗೂ ಮರಾಠಿ ತಿಳೀತದ ತಂಗಿ" ಅಂದರು ಬಾಳಪ್ಪ ಕಾಕಾ. "ಗಡಿ ಊರಾಗ ಹುಟ್ಟೇನಿ. ನೀ ಅದನ್ನ ಬಿಟ್ಟಿ ಅಂತ ನನಗ ಅಲ್ಲೇ ತಿಳೀತು. ತಿಳದು, ಶಾಣ್ಯಾ ಹುಡುಗಿ, ನನ್ನ ಮಾನ ಉಳಸಿದ್ಲು ಅಂತ ಸಮಾಧಾನ ಪಟ್ಟೆ."

ಮಾವಶಿ ಚಹಾ ತಂದಿಟ್ಟು, ನಮ್ಮ ಮುಖ ನೋಡಿ, ಜನ್ಮದಲ್ಲಿ ಮೊದಲ ಸಲ ಏನೂ ಕೇಳದೆ ಒಳಗೆ ಹೋದಳು. ಗೋದಾಮಿನ ಬಾಗಿಲು ತೆರೆದಿತ್ತು. ಆ ಕಡೆ ನೋಡಲು ನನಗೆ ಧೈರ್ಯ ಬರಲಿಲ್ಲ. ಆ ಮೂರನೆಯ ಸಾಲಿನಲ್ಲಿ ಈಗ ಇಬ್ಬರು ಇರುತ್ತಾರೆ ಎಂದು ಗೊತ್ತಿತ್ತು.

"ನಾಳೆ ಮಂಗಳವಾರ" ಅಂದರು ಅವರು. "ನಾನೂ ಬರ್ತೇನಿ. ಇವತ್ತ ಇಲ್ಲೇ ಇರ್ತೇನಿ, ನಿಮ್ಮ ಅಪ್ಪಗ ಹೇಳು."

ಮರುದಿನ ನಾವು ನಾಲ್ವರೂ ಬಸ್ಸು ಹತ್ತಿದೆವು. ಅಪ್ಪ ಆ ದಿನ ಸಿತಾರಿನ ಅಂಗಡಿಗೆ ಹೋಗಲಿಲ್ಲ, ಬಂದು ಗಂಡಸರ ಬೆಂಚಿನಲ್ಲಿ ಪರಸು ಕೂರುತ್ತಿದ್ದ ಜಾಗದಲ್ಲಿ ಕೂತ. ನನ್ನ ಹೆಸರು ಕೂಗಿದಾಗ ಮಾವಶಿ ಎದ್ದಳು, ಅವಳ ಹಿಂದೆ ಬಾ‍ಳಪ್ಪ ಕಾಕಾನೂ ಎದ್ದು ಒಳಗೆ ಬಂದರು. ಡಾಕ್ಟರು ಗುರುತು ಹಿಡಿದು, ಹುಡುಗ ಹೇಗಿದ್ದಾನೆ ಎಂದು ಕೇಳಿದರು.

ಕಾಕಾ ರುಮಾಲು ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ ತಮ್ಮ ಮುರುಕು ಮರಾಠಿಯಲ್ಲಿ, ಒಂದೊಂದೇ ಶಬ್ದ ಹುಡುಕಿ, ಅವತ್ತಿನ ಮಗನ ಮಾತನ್ನು ಡಾಕ್ಟರಿಗೆ ಮುಟ್ಟಿಸಿದರು. ನನ್ನನ್ನು ಕಳಿಸಬೇಡಿ. ಅಲ್ಲಿ ಹೋದರೆ ನಾನು ಮತ್ತೆ ಹಾಗೆ ಮಾಡಿಕೊಳ್ಳುತ್ತೇನೆ. ನನಗೆ ನನ್ನ ಮೇಲೆ ಭರವಸೆ ಇಲ್ಲ. ಒಂದನ್ನೂ ಬಿಡಲಿಲ್ಲ, ಒಂದನ್ನೂ ಸೇರಿಸಲಿಲ್ಲ. ಡಾಕ್ಟರು ಪೆನ್ನು ಕೆಳಗಿಟ್ಟು, ಕನ್ನಡಕ ತೆಗೆದು, ಬಹಳ ಹೊತ್ತು ಕಣ್ಣೊರೆಸಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ, ನಿಮಗೆ ಹೇಗಿದೆ ಎಂದು ಕೇಳಿದರು.

"ಆರಾಮ..." ಎಂದು ಮಾವಶಿ ಶುರು ಮಾಡಿದಳು.

"ಅಕ್ಕಾರ" ಅಂದರು ಬಾಳಪ್ಪ ಕಾಕಾ ಅವಳಿಗೆ. "ನಾವು ಹೊರಗ ಕುಂದ್ರೂಣು ಬರ್ರಿ. ಆಕಿ ಮಾತು ಆಕಿನ ಆಡ್ಲಿ."

ಬಾಗಿಲು ಮುಚ್ಚಿತು. ಕಾಕಾ ರುಮಾಲನ್ನು ಮೇಜಿನ ಮೇಲೆಯೇ ಮರೆತಿದ್ದರು. ನಾನು ಅದರ ಕೆಳಗೆ ಎರಡೂ ಕೈ ಇಟ್ಟುಕೊಂಡೆ. ಮರಾಠಿ ಬಾಯಿಗೆ ಬರಲಿಲ್ಲ, ಹಿಂದಿಯೂ ಬರಲಿಲ್ಲ. ಕನ್ನಡದಲ್ಲೇ, ಆ ಡಾಕ್ಟರಿಗೆ ತಿಳಿಯುತ್ತದೋ ಇಲ್ಲವೋ ನೋಡದೆ, ನಾನು ಕ್ಷೇಮ ಇಲ್ಲ ಅಂದೆ.